ಅಲೆಪ್ಪಿಯಲ್ಲಿ ಹೌಸ್‌ಬೋಟ್ ಗೊತ್ತು ಮಾಡುವಾಗ: ಅಡ್ವಾನ್ಸಿಗೆ ಮುಂಚೆ ಏನು ಕೇಳಬೇಕು, ಹತ್ತುವ ಮುಂಚೆ ಏನು ನೋಡಬೇಕು

ಹಾಸನ ಕುಟುಂಬ

ಡಿಸೆಂಬರ್ ಕೊನೆಯ ವಾರ ಒಂದು ರಾತ್ರಿಗೆ ಹೌಸ್‌ಬೋಟ್ ಪೂರ್ತಿ ಬಾಡಿಗೆಗೆ ಬೇಕು. ಒಟ್ಟು 24 ಜನ: ದೊಡ್ಡವರು 17, ಮಕ್ಕಳು 7. ಮಕ್ಕಳಲ್ಲಿ ಇಬ್ಬರಿಗೆ ಮೂರು ವರ್ಷವೂ ಆಗಿಲ್ಲ. ಎಪ್ಪತ್ತು ದಾಟಿದವರು ಮೂವರು. ಏಜೆಂಟರು ಐದು ರೂಮಿನ ಎರಡಂತಸ್ತಿನ ಬೋಟ್ ತೋರಿಸಿ, "ಮೇಲೆ ದೊಡ್ಡ ಹಾಲ್ ಇದೆ, ಎಲ್ಲರೂ ಹಿಡಿಸ್ತಾರೆ" ಅಂತಿದ್ದಾರೆ. ಅರ್ಧ ದುಡ್ಡು ಮುಂಗಡ ಕೇಳಿದ್ದಾರೆ. ಕರಾರಿನಲ್ಲಿ ಏನೇನು ಬರೆಸಿಕೊಳ್ಳಬೇಕು? ಸುರಕ್ಷತೆ ವಿಷಯದಲ್ಲಿ ನಮ್ಮಂಥವರು ನೋಡಿ ತಿಳಿಯಬಹುದಾದ್ದು ಏನು?

ಟ್ರಾವೆಲ್ ಡೆಸ್ಕ್ ಮೈಸೂರು

ಸರ್, ದುಡ್ಡಿನ ಮಾತು ಆಮೇಲೆ. ಮೊದಲು ತಲೆ ಎಣಿಕೆ. ರೂಮು ಎಷ್ಟು, ಹಾಸಿಗೆ ಎಷ್ಟು ಅನ್ನೋದು ಮಾರಾಟದ ಲೆಕ್ಕ. ಬೋಟಿನ ಮೇಲೆ ಎಷ್ಟು ಜನ ಇರಬಹುದು ಅನ್ನೋದು ಸರ್ವೇ ಪ್ರಮಾಣಪತ್ರದಲ್ಲಿ, ಅಂದರೆ ಬೋಟನ್ನು ಪರೀಕ್ಷಿಸಿ ಸರ್ಕಾರದವರು ಕೊಡೋ ಪತ್ರದಲ್ಲಿ ಬರೆದಿರುತ್ತೆ, ಬೋಟಿನ ಗೋಡೆಗೂ ಬರೆಸಿರಬೇಕು. ಏಜೆಂಟರಿಗೆ ಎರಡು ಫೋಟೋ ಕೇಳಿ: ನೋಂದಣಿ ಪತ್ರದ್ದು, ಸರ್ವೇ ಪತ್ರದ್ದು. ಸರ್ವೇ ಪತ್ರದಲ್ಲಿ ಮೂರೇ ವಿಷಯ ನೋಡಿ: ಬೋಟಿನ ಹೆಸರು ಮತ್ತು ಸಂಖ್ಯೆ, ಪ್ರಯಾಣಿಕರ ಮಿತಿ, ಯಾವ ತಾರೀಖಿನವರೆಗೆ ಚಾಲ್ತಿ. ನಿಮ್ಮ ಪ್ರವಾಸದ ದಿನಕ್ಕೆ ಮುಂಚೆ ಅವಧಿ ಮುಗಿಯೋದಾದರೆ ಆ ಬೋಟ್ ಬಿಡಿ. ಆಮೇಲೆ ನವೀಕರಿಸ್ತೀವಿ ಅನ್ನೋ ಮಾತಿಗೆ ಮುಂಗಡ ಕೊಡಬೇಡಿ.

ಎಣಿಕೆ ಹೇಳುವಾಗ ಕೈಗೂಸನ್ನೂ ಸೇರಿಸಿ. ಐದು ವರ್ಷದೊಳಗಿನವರಿಗೆ ದುಡ್ಡಿಲ್ಲ ಅಂತ ಎಷ್ಟೋ ಕಡೆ ಪಟ್ಟಿಯಲ್ಲೇ ಬರೆಯಲ್ಲ. ಊಟದ ಲೆಕ್ಕಕ್ಕೆ ಅದು ಸರಿ, ಜೀವದ ಲೆಕ್ಕಕ್ಕೆ ಅಲ್ಲ.

24 ಜನಕ್ಕೆ ನನ್ನ ಸಲಹೆ, ಒಂದೇ ದೊಡ್ಡ ಬೋಟಿನ ಬದಲು ಎರಡು: ಐದು ರೂಮಿನದೊಂದು, ಮೂರು ರೂಮಿನದೊಂದು. ಒಬ್ಬರೇ ಮಾಲೀಕರದ್ದಾದರೆ ರಾತ್ರಿ ಪಕ್ಕಪಕ್ಕ ಕಟ್ಟಿಸಬಹುದು. ಇದನ್ನೂ ಬರೆಸಿಕೊಳ್ಳಿ. ಇಲ್ಲದಿದ್ದರೆ ಎರಡನ್ನೂ ಬೇರೆ ಬೇರೆ ಊರಲ್ಲಿ ನಿಲ್ಲಿಸ್ತಾರೆ.

ನೌಕಾ ಎಂಜಿನಿಯರ್, ಕೊಚ್ಚಿ

ಮೇಲಿನ ಮಾತಿಗೆ ಕಾರಣ ಸೇರಿಸುತ್ತೇನೆ. ಬೋಟು ಮುಳುಗುವುದು ಬರೀ ಭಾರಕ್ಕಲ್ಲ, ಭಾರ ಎಲ್ಲಿದೆ ಎಂಬುದಕ್ಕೆ. ಒಬ್ಬರಿಗೆ 75 ಕೆ.ಜಿ. ಹಿಡಿದರೆ 20 ಜನ ಅಂದರೆ 1,500 ಕೆ.ಜಿ. ಅವರು ಕೆಳಗೆ ಹರಡಿಕೊಂಡು ಕೂತಿದ್ದರೆ ತೊಂದರೆಯಿಲ್ಲ. ಅಷ್ಟೂ ಜನ ಮೇಲಂತಸ್ತಿಗೆ ಹತ್ತಿದರೆ ಬೋಟಿನ ಗುರುತ್ವ ಕೇಂದ್ರ ಮೇಲೇರುತ್ತದೆ, ವಾಲಿದಾಗ ತಾನಾಗಿ ನೆಟ್ಟಗಾಗುವ ಶಕ್ತಿ ಕುಗ್ಗುತ್ತದೆ. ಆ ಹೊತ್ತಿಗೆ ಯಾರೋ "ಅಲ್ಲಿ ನೋಡಿ" ಎಂದು ಕೂಗಿ ಎಲ್ಲರೂ ಒಂದು ಕಡೆಯ ಕಟಕಟೆಗೆ ನುಗ್ಗಿದರೆ ಅದೇ 1,500 ಕೆ.ಜಿ. ಒಂದೂವರೆ ಮೀಟರ್ ಪಕ್ಕಕ್ಕೆ ಸರಿದಂತಾಯಿತು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 'ಜಲಕನ್ಯಕ' ಮಗುಚಿ 45 ಜನ ತೀರಿಕೊಂಡರು. ಅದು ಎರಡಂತಸ್ತಿನ ಬೋಟು, ನೀರು ಶಾಂತವಾದ ಜಲಾಶಯ. ಅಲೆಯಿಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ತಳದಲ್ಲಿ ನಿಂತ ನೀರಿನದು ಇನ್ನೊಂದು ಅಪಾಯ. 15 ಮೀಟರ್ ಉದ್ದ, 4 ಮೀಟರ್ ಅಗಲದ ತಳದಲ್ಲಿ ಬರೀ 2.5 ಸೆಂ.ಮೀ. ನೀರು ನಿಂತರೂ ಒಂದೂವರೆ ಟನ್ ಆಗುತ್ತದೆ. ಅಂದರೆ ಆ 20 ಜನರ ತೂಕವೇ. ಜನ ಹೇಳಿದ ಕಡೆ ಕೂರುತ್ತಾರೆ, ನೀರು ಕೂರುವುದಿಲ್ಲ. ಬೋಟು ಯಾವ ಕಡೆ ವಾಲಿತೋ ಅದೂ ಅದೇ ಕಡೆ ಓಡಿ ಇನ್ನಷ್ಟು ವಾಲಿಸುತ್ತದೆ. ಆದ್ದರಿಂದ ಹತ್ತುವ ಮುಂಚೆ ತಳದ ನೀರೆತ್ತುವ ಪಂಪನ್ನು ಒಮ್ಮೆ ಚಾಲೂ ಮಾಡಿ ತೋರಿಸಲು ಹೇಳಿ. ಸ್ವಲ್ಪ ನೀರು ಬಂದು ನಿಂತರೆ ಸರಿ. ನಿಲ್ಲದೆ ಸುರಿಯುತ್ತಲೇ ಇದ್ದರೆ ಎಲ್ಲೋ ಸೋರಿಕೆಯಿದೆ. ಕೆಟ್ಟುವಳ್ಳಂ ಎಂಬ ಹಳೆಯ ಕೇರಳದ ದೋಣಿ ಮಾದರಿಯಲ್ಲಿ ಆಂಜಿಲಿ ಮರದ, ಅಂದರೆ ನಮ್ಮ ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿರುತ್ತಾರೆ. ಆ ಹೊಲಿಗೆಯ ಸಂದುಗಳನ್ನು ಕಾಲಕಾಲಕ್ಕೆ ದಡಕ್ಕೆಳೆದು ತುಂಬಬೇಕು. ಬೇಸಾಯದಷ್ಟೇ ನಿಯತ್ತಿನ ಕೆಲಸ ಅದು, ತಪ್ಪಿಸಿದರೆ ತಳ ಹೇಳಿಬಿಡುತ್ತದೆ.

ಹಾಸನ ಕುಟುಂಬ

ಹಾಗಾದರೆ ಎರಡು ಬೋಟೇ ಮಾಡುತ್ತೇವೆ. ಸರ್ವೇ ಪತ್ರ ಕೇಳಿದ್ದಕ್ಕೆ ಏಜೆಂಟರು "ಬೋಟ್ ಯಾವುದು ಅಂತ ಹಿಂದಿನ ದಿನ ಹೇಳ್ತೀವಿ, ಇದೇ ದರ್ಜೆಯದ್ದು ಸಿಗುತ್ತೆ" ಅಂದರು. ಇದು ಮಾಮೂಲೇ?

ಟ್ರಾವೆಲ್ ಡೆಸ್ಕ್ ಮೈಸೂರು

ಮಾಮೂಲು ಹೌದು, ಒಪ್ಪಬೇಕಾಗಿಲ್ಲ. ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗಿನ ದಿನಗಳಲ್ಲಿ ದರ ಏರುತ್ತಲೇ ಹೋಗುತ್ತೆ, ನಿಮಗೆ ತೋರಿಸಿದ ಬೋಟನ್ನು ಹೆಚ್ಚು ಕೊಟ್ಟವರಿಗೆ ಕೊಟ್ಟು ನಿಮಗೆ ಇನ್ನೊಂದನ್ನು ಕಳಿಸೋಕೆ ಈ ಸಾಲೇ ದಾರಿ. ರಸೀದಿ ಮೇಲೆ ಬೋಟಿನ ಹೆಸರು, ನೋಂದಣಿ ಸಂಖ್ಯೆ ಇರಲೇಬೇಕು. "ಬದಲಿ ಕೊಡಬೇಕಾಗಿ ಬಂದರೆ ಮೂರು ದಿನ ಮುಂಚೆ ತಿಳಿಸಿ ಅದರ ಪತ್ರಗಳನ್ನು ಕಳಿಸಬೇಕು, ನಮಗೆ ಒಪ್ಪಿಗೆಯಾಗದಿದ್ದರೆ ಪೂರ್ತಿ ಹಣ ವಾಪಸ್" ಅಂತ ಒಂದು ಸಾಲು ಸೇರಿಸಿ.

ಮುಂಗಡ 25-30% ಸಾಕು. ಜನಜಂಗುಳಿಯ ವಾರವಾದ್ದರಿಂದ 50% ಕೇಳೋದು ಇದ್ದದ್ದೇ. ಆದರೆ ಬಾಕಿ ದುಡ್ಡು ದಕ್ಕೆಯಲ್ಲಿ ಬೋಟ್ ನೋಡಿದ ಮೇಲೆ, ಹತ್ತುವ ಮುಂಚೆ ಕೊಡೋದು ಅಂತ ಇರಲಿ. ನೋಡುವ ಮುಂಚೆ ಪೂರ್ತಿ ಕೊಟ್ಟರೆ ಆಮೇಲೆ ಬೇಡ ಅನ್ನೋಕೆ ನಿಮ್ಮ ಕೈಯಲ್ಲಿ ಏನೂ ಉಳಿಯಲ್ಲ. ಹಣ ಸಂಸ್ಥೆಯ ಹೆಸರಿನ ಖಾತೆಗೇ ಹೋಗಬೇಕು, ಯಾರದೋ ಮೊಬೈಲ್ ನಂಬರಿಗಲ್ಲ.

ರದ್ದತಿ ನಿಯಮ ಎರಡು ಬಗೆ, ಬೆರೆಸಬೇಡಿ. ನೀವೇ ರದ್ದು ಮಾಡಿದರೆ ಒಂದು ಲೆಕ್ಕ: 30 ದಿನ ಮುಂಚೆ ಆದರೆ ಬಹುಪಾಲು ವಾಪಸ್, 15 ದಿನ ಮುಂಚೆ ಆದರೆ ಅರ್ಧ, ವಾರದೊಳಗೆ ಆದರೆ ಏನೂ ಇಲ್ಲ, ಈ ರೀತಿ ಕೇಳಿ ನೋಡಿ. ಹಬ್ಬದ ವಾರಕ್ಕೆ ಇನ್ನೂ ಬಿಗಿ ಮಾಡ್ತಾರೆ. ಹವಾಮಾನ ಕೆಟ್ಟು ಜಿಲ್ಲಾಡಳಿತ ಸಂಚಾರ ನಿಲ್ಲಿಸಿದರೆ ಬೇರೆ ಲೆಕ್ಕ: ಪೂರ್ತಿ ವಾಪಸ್ಸೋ ಬೇರೆ ತಾರೀಖೋ, ಆಯ್ಕೆ ನಿಮ್ಮದು. ಎರಡನೆಯದನ್ನು ಬರೆಸದೆ ಇದ್ದರೆ ಚಂಡಮಾರುತದ ದಿನವೂ "ನೀವು ಬರಲಿಲ್ಲ" ಅಂತ ಮೊದಲನೆಯದರಲ್ಲಿ ಸೇರಿಸಿಬಿಡ್ತಾರೆ. ಬರೆಸಿಕೊಂಡರೆ ಇನ್ನೊಂದು ಲಾಭ ಇದೆ: ಮಳೆಗಾಳಿಯ ದಿನ "ದುಡ್ಡು ಹೋಗುತ್ತಲ್ಲ" ಅಂತ ಹತ್ತುವ ಒತ್ತಡ ನಿಮ್ಮ ಮೇಲೆ ಇರಲ್ಲ.

ಕೊಚ್ಚಿ ಕನ್ನಡತಿ

ಸಮಯದ ವಿಷಯ ಯಾರೂ ಹೇಳಿಲ್ಲ. 'ಒಂದು ರಾತ್ರಿ ಕ್ರೂಸ್' ಅಂದರೆ ಬೋಟು ರಾತ್ರಿ ಓಡುತ್ತೆ ಅಂತಲ್ಲ. ಮಧ್ಯಾಹ್ನ 12ರ ಆಸುಪಾಸು ಹತ್ತಿಸ್ಕೋತಾರೆ, ಊಟಕ್ಕೆ ಒಂದು ಗಂಟೆ ಎಲ್ಲಾದರೂ ಕಟ್ಟುತ್ತಾರೆ, ಸಂಜೆ ಐದೂವರೆ ಹೊತ್ತಿಗೆ ರಾತ್ರಿಗೆ ನಿಲ್ಲಿಸ್ತಾರೆ. ಕತ್ತಲಾದ ಮೇಲೆ ವೆಂಬನಾಡ್ ಸರೋವರದಲ್ಲಿ ಮೀನುಗಾರರು ಬಲೆ ಬಿಡ್ತಾರೆ, ಆಗ ಓಡಿಸುವ ಹಾಗಿಲ್ಲ. ಬೆಳಿಗ್ಗೆ ತಿಂಡಿ ಹೊತ್ತಿಗೆ ಒಂದು ಸುತ್ತು, 9ಕ್ಕೆ ಇಳಿಸ್ತಾರೆ. ಅಂದರೆ ಕೈಗೆ ಸಿಗೋ ಓಡಾಟ ನಾಲ್ಕೈದು ಗಂಟೆ. ನೀವು ಎರಡು ಗಂಟೆಗೆ ತಲುಪಿದರೆ ಅದರಲ್ಲೇ ಕಡಿತ, ಸಂಜೆಗೆ ಸೇರಿಸಿ ಕೊಡಲ್ಲ. ಹಾಸನದಿಂದ ಹೊರಟವರು ಹಿಂದಿನ ರಾತ್ರಿ ಕೊಚ್ಚಿಯಲ್ಲೋ ಅಲೆಪ್ಪಿಯಲ್ಲೋ ತಂಗೋದು ಒಳ್ಳೇದು.

ದಾರಿ ಯಾವುದು ಅಂತಲೂ ಕೇಳಿ. ಎರಡಂತಸ್ತಿನವು ಕೆಲವು ಸೇತುವೆ ಕೆಳಗೆ ಹೋಗಲ್ಲ, ನೀರು ಏರಿದ ದಿನ ಇನ್ನೂ ಕಷ್ಟ. ಊರೊಳಗಿನ ಸಣ್ಣ ತೋಡುಗಳಿಗೆ ದೊಡ್ಡ ಬೋಟೇ ಹೋಗಲ್ಲ, ಅದಕ್ಕೆ ಶಿಕಾರ ಅನ್ನೋ ಸಣ್ಣ ದೋಣಿ ಬೇರೆ, ಗಂಟೆ ಲೆಕ್ಕದಲ್ಲಿ ದುಡ್ಡು ಬೇರೆ. ಡಿಸೆಂಬರ್ ಹೊತ್ತಿಗೆ ಉಪ್ಪುನೀರು ಗದ್ದೆಗೆ ಬರದ ಹಾಗೆ ತಣ್ಣೀರ್‌ಮುಕ್ಕಂ ತಡೆಗಟ್ಟಿನ ಬಾಗಿಲು ಹಾಕುತ್ತಾರೆ. ನೀರು ನಿಂತ ಮೇಲೆ ಅಂತರಗಂಗೆ ಜಾಸ್ತಿ. ಪ್ರೊಪೆಲರಿಗೆ ಸುತ್ತಿಕೊಂಡರೆ ನಿಲ್ಲಿಸಿ ಬಿಡಿಸಲೇಬೇಕು. ಅದಕ್ಕೆ ಸಿಬ್ಬಂದಿ ಜೊತೆ ಜಗಳಕ್ಕೆ ಹೋಗಬೇಡಿ.

ಎಸಿ ಎಷ್ಟು ಹೊತ್ತು ಅನ್ನೋದೂ ಬರಹದಲ್ಲಿರಲಿ. ಕಡಿಮೆ ದರದ್ದರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6 ಮಾತ್ರ. ಊಟ ಸಸ್ಯಾಹಾರ ಆದರೆ ಪಾತ್ರೆ ಬೇರೆ ಬೇಕು ಅಂತ ಮುಂಚೆಯೇ ಹೇಳಿ, ಅಡುಗೆಮನೆ ಒಂದೇ ಇರುತ್ತೆ.

ದಕ್ಕೆಯವ, ಮಲ್ಪೆ

ಲೈಫ್ ಜಾಕೆಟಿನ ಸುದ್ದಿಯೇ ಇಲ್ಲವಲ್ಲ. ಹತ್ತಿದ ಕೂಡಲೇ 24 ಜನರೂ ಹಾಕಿಕೊಳ್ಳಬೇಕು, ಇಳಿಯುವವರೆಗೆ ತೆಗೆಯಬಾರದು. ಅಷ್ಟೇ.

ನೌಕಾ ಎಂಜಿನಿಯರ್, ಕೊಚ್ಚಿ

ಸಮುದ್ರದ ತೆರೆದ ದೋಣಿಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಹೌಸ್‌ಬೋಟಿನಲ್ಲಿ ಒಂದು ತಿದ್ದುಪಡಿ ಬೇಕು. ಮುಚ್ಚಿದ ಕೋಣೆಯೊಳಗೆ ಫೋಮ್ ಜಾಕೆಟ್ ಕಟ್ಟಿಕೊಂಡಿರುವಾಗ ಬೋಟು ಮಗುಚಿದರೆ ಜಾಕೆಟ್ ನಿಮ್ಮನ್ನು ಛಾವಣಿಗೆ ಒತ್ತಿ ಹಿಡಿಯುತ್ತದೆ, ಮುಳುಗಿ ಬಾಗಿಲಿನಿಂದ ಹೊರಬರಲು ಬಿಡುವುದಿಲ್ಲ. ಆದ್ದರಿಂದ ತೆರೆದ ಮುಂಭಾಗದಲ್ಲಿ, ಮೇಲಂತಸ್ತಿನಲ್ಲಿ, ಹತ್ತಿ ಇಳಿಯುವಾಗ, ಶಿಕಾರದಲ್ಲಿ ಕಡ್ಡಾಯವಾಗಿ ಧರಿಸಿ. ಕೋಣೆಯಲ್ಲಿ ಮಲಗುವಾಗ ತಲೆದೆಸೆಯಲ್ಲಿ ಇರಲಿ, ಹೊರಗೆ ಬಂದು ಧರಿಸಿ. ಬೋಟು ಓಡುತ್ತಿರುವಾಗ ಕೋಣೆಯ ಬಾಗಿಲಿಗೆ ಚಿಲಕ ಹಾಕಬೇಡಿ.

ಈಗ ಜಾಕೆಟಿನ ಗುಣ. ದೊಡ್ಡವರ ತಲೆ ನೀರಿನ ಮೇಲೆ ನಿಲ್ಲಲು ಸಾಮಾನ್ಯವಾಗಿ 3ರಿಂದ 5 ಕೆ.ಜಿ. ಎತ್ತುವ ಬಲ ಸಾಕು. 100 ನ್ಯೂಟನ್ ಎಂದು ಬರೆದಿದ್ದರೆ ಸುಮಾರು 10 ಕೆ.ಜಿ. ಎತ್ತುತ್ತದೆ, ಹಿನ್ನೀರಿಗೆ ಅದು ಬೇಕು. 50 ನ್ಯೂಟನ್‌ನದು ಈಜು ಬಲ್ಲವರಿಗೆ ಆಸರೆಯಷ್ಟೇ, ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವುದಿಲ್ಲ. ಫೋಮನ್ನು ಬೆರಳಿನಿಂದ ಅದುಮಿ: ಪುಟಿದು ಬರಬೇಕು. ಗುಳಿ ಹಾಗೇ ಉಳಿದರೆ, ಪುಡಿಪುಡಿ ಸದ್ದು ಬಂದರೆ ಅದರ ಆಯುಸ್ಸು ಮುಗಿದಿದೆ. ಧರಿಸಿದ ಮೇಲೆ ಹೆಗಲ ಪಟ್ಟಿ ಹಿಡಿದು ಮೇಲಕ್ಕೆಳೆಯಿರಿ, ಜಾಕೆಟು ಗಲ್ಲ, ಕಿವಿ ದಾಟಿ ಮೇಲೆ ಬಂದರೆ ಅದು ಸಡಿಲ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಜಾಕೆಟು ಇಲ್ಲದ್ದಕ್ಕೆ ಸಮ.

ಹಾಸನ ಕುಟುಂಬ

ಮೂರು ವರ್ಷದೊಳಗಿನ ಇಬ್ಬರಿಗೆ?

ದಕ್ಕೆಯವ, ಮಲ್ಪೆ

ತಿದ್ದುಪಡಿ ಒಪ್ಪಿದೆ, ಹೌಸ್‌ಬೋಟಿನ ಕೋಣೆ ನನ್ನ ಲೆಕ್ಕದಲ್ಲಿ ಇರಲಿಲ್ಲ.

ಸಣ್ಣ ಮಕ್ಕಳದ್ದು ನೀವೇ ಕೊಂಡುಕೊಂಡು ಹೋಗಿ ಮಾರಾಯ್ರೆ. ವಯಸ್ಸು ನೋಡಿ ಕೊಳ್ಳುವುದಲ್ಲ, ತೂಕ ನೋಡಿ. ತೊಡೆಗಳ ನಡುವೆ ಬರುವ ಪಟ್ಟಿ, ತಲೆಯ ಹಿಂದೆ ಕಾಲರ್, ಎತ್ತಲಿಕ್ಕೆ ಹಿಡಿ, ಒಂದು ಸೀಟಿ, ಈ ನಾಲ್ಕು ಬೇಕು. ನಡುವಿನ ಪಟ್ಟಿ ಇಲ್ಲದಿದ್ದರೆ ಮಗು ಕೆಳಗಿನಿಂದ ಜಾರಿ ಹೋಗುತ್ತದೆ, ಜಾಕೆಟ್ ಮಾತ್ರ ತೇಲುತ್ತದೆ. ದೊಡ್ಡವರ ಜಾಕೆಟನ್ನು ಬಿಗಿ ಕಟ್ಟಿ ಹಾಕುವುದು ಬೇಡ. ಗಾಳಿ ತುಂಬುವ ತೋಳುಪಟ್ಟಿ ಈಜುಕೊಳದ ಆಟಿಕೆ, ಅದೂ ಬೇಡ.

ಕಟಕಟೆಯ ಸರಳುಗಳ ನಡುವೆ 10 ಸೆಂ.ಮೀ.ಗಿಂತ ಹೆಚ್ಚು ಸಂದು ಇದ್ದರೆ ಬಲೆ ಕಟ್ಟಿಸಿ. ಬುಕ್ ಮಾಡುವಾಗಲೇ ಹೇಳಿದರೆ ಕಟ್ಟಿಕೊಡುತ್ತಾರೆ. ಬೋಟ್ ನಿಂತ ಮೇಲೆ ಎಲ್ಲರೂ ಹಗುರಾಗುತ್ತಾರೆ, ಆಗಲೇ ಮಕ್ಕಳು ಬೀಳುವುದು. ಹಲಗೆ ಹಾಕಿರುವ ಬಾಗಿಲ ಹತ್ತಿರ ರಾತ್ರಿ ಒಂದು ದೀಪ ಉರಿಯುತ್ತಿರಲಿ.

ವೈರ್‌ಮನ್ ಮಂಡ್ಯ

ಬೆಂಕಿ, ಕರೆಂಟು, ಗ್ಯಾಸ್ ಬಗ್ಗೆ ನಾಲ್ಕು ಮಾತು. ಬಿದಿರು, ಚಾಪೆ, ತೆಂಗಿನ ನಾರು, ಮೇಲೆ ವಾರ್ನಿಷ್. ಹೊತ್ತಿದರೆ ನಿಮಿಷಗಳ ಮಾತು.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಲ್ಲ, ಬೋಟಿನ ತಳಕ್ಕೆ ಇಳಿದು ಅಲ್ಲೇ ಕೂತಿರುತ್ತೆ. ತಳದ ಪಂಪಿನ ಒಂದು ಕಿಡಿ ಸಾಕು. ಸಿಲಿಂಡರ್ ಹೊರಗೆ, ಗಾಳಿಯಾಡುವ ಕಡೆ ಇದೆಯಾ, ರಬ್ಬರ್ ಪೈಪಿನ ಮೇಲಿನ ವರ್ಷ ದಾಟಿದೆಯಾ, ರಾತ್ರಿ ರೆಗ್ಯುಲೇಟರ್ ಬಂದ್ ಮಾಡ್ತಾರಾ, ಇಷ್ಟು ನೋಡಿ.

ರಾತ್ರಿ ಎಸಿ ಜನರೇಟರಿನಲ್ಲಿ ಓಡ್ತದೆ ಅಥವಾ ದಡದಿಂದ ತಂತಿ ಎಳೀತಾರೆ. ಜನರೇಟರ್ ಆದರೆ ಹೊಗೆ ಕೊಳವೆ ಎಲ್ಲಿ ತೆರೆದುಕೊಂಡಿದೆ ನೋಡಿ. ಕಿಟಕಿ ಹತ್ತಿರ, ಪಕ್ಕದ ಬೋಟಿನ ಕಡೆ ಮುಖ ಮಾಡಿದ್ದರೆ ಬೇಡ. ಎರಡು ಬೋಟ್ ಪಕ್ಕಪಕ್ಕ ಕಟ್ಟಿಸ್ತೀರಿ ಅಂದಿದ್ದಕ್ಕೆ ಇದು ಮುಖ್ಯ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರವಾಗಲ್ಲ. ಬ್ಯಾಟರಿಯ ಅಲಾರಂ ಸಿಗುತ್ತೆ, ಒಂದು ಕೊಂಡು ಮಲಗುವ ಕೋಣೆಯಲ್ಲಿಡಿ.

ದಡದ ತಂತಿ ಆದರೆ 30 ಮಿಲಿಆಂಪಿನ ಆರ್‌ಸಿಸಿಬಿ ಇರಬೇಕು, ಅಂದರೆ ಕರೆಂಟು ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್ಚು. ಅದರ ಮೇಲಿನ 'ಟೆಸ್ಟ್' ಗುಂಡಿ ಒತ್ತಿಸಿ, ಟಪ್ ಅಂತ ಬೀಳಬೇಕು. ಬೀಳಲಿಲ್ಲ ಅಂದರೆ ಒದ್ದೆ ಕಾಲಲ್ಲಿ ಗೀಜರ್ ಮುಟ್ಟಬೇಡಿ. ಸೊಳ್ಳೆ ಬತ್ತಿ ಚಾಪೆ ಮೇಲೆ ಹಚ್ಚಬೇಡಿ. ಬೆಂಕಿ ಆರಿಸುವ ಸಿಲಿಂಡರ್ ಅಡುಗೆಮನೆಗೊಂದು, ಎಂಜಿನ್ ಹತ್ತಿರ ಒಂದು, ಕೋಣೆಗಳ ಸಾಲಿಗೆ ಒಂದು. ಮುಳ್ಳು ಹಸಿರಲ್ಲಿರಬೇಕು. ಅಡುಗೆಮನೆಯದು ಒಲೆಯ ಪಕ್ಕ ಅಲ್ಲ, ಬಾಗಿಲ ಹತ್ತಿರ ಇರಬೇಕು.

ಟ್ರಾವೆಲ್ ಡೆಸ್ಕ್ ಮೈಸೂರು

ಇದೆಲ್ಲ ದಕ್ಕೆಯಲ್ಲಿ ಹತ್ತು ನಿಮಿಷದ ಕೆಲಸ. ಇಬ್ಬರು ಹಂಚಿಕೊಂಡು ನೋಡಿ, ಉಳಿದವರು ದಡದಲ್ಲೇ ಇರಲಿ. ಸಾಮಾನು ಏರಿಸಿದ ಮೇಲೆ ಯಾರೂ ಇಳಿಯೋಕೆ ಮನಸ್ಸು ಮಾಡಲ್ಲ.

ಸಿಬ್ಬಂದಿ ಬಗ್ಗೆ: ಚುಕ್ಕಾಣಿ ಹಿಡಿಯುವ ಸ್ರಾಂಕ್, ಎಂಜಿನ್ ನೋಡುವವರು, ಅಡುಗೆಯವರು ಬೇರೆ ಬೇರೆ ಆಳಾಗಿರಬೇಕು. ಅಡುಗೆಯವರ ಕೈಗೆ ಚುಕ್ಕಾಣಿ ಕೊಡೋದು ಕಂಡರೆ ಅಲ್ಲೇ ನಿಲ್ಲಿಸಿ. 2021ರ ಒಳನಾಡು ಹಡಗು ಕಾಯ್ದೆ 2022ರ ಜೂನ್‌ನಿಂದ ಜಾರಿಯಲ್ಲಿದೆ. ನೋಂದಣಿ, ಸರ್ವೇ, ಸಿಬ್ಬಂದಿಯ ಅರ್ಹತಾ ಪತ್ರ, ವಿಮೆ ನಾಲ್ಕೂ ಅದರಲ್ಲಿ ಕಡ್ಡಾಯ. ಮಿತಿ ಮೀರಿ ಜನ ಹತ್ತಿದ್ದರೆ ವಿಮೆಯವರಿಗೆ ಇಲ್ಲ ಅನ್ನೋಕೆ ಒಂದು ನೆಪ ಸಿಕ್ಕ ಹಾಗೆ.

ಹಾಸನ ಕುಟುಂಬ

ಒಪ್ಪಂದ ಮುರಿದರೆ ಕೇರಳಕ್ಕೆ ಹೋಗಿ ಕೇಸ್ ಹಾಕಬೇಕಾ?

ಕೊಚ್ಚಿ ಕನ್ನಡತಿ

ಬೇಡ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಅಂದರೆ ಹಾಸನದಲ್ಲೇ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಮೊದಲು 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಆದರೆ ಆಧಾರ ಬೇಕಲ್ಲ: ರಸೀದಿ, ವಾಟ್ಸ್‌ಆ್ಯಪ್ ಮಾತುಕತೆ, ದಕ್ಕೆಯಲ್ಲಿ ತೆಗೆದ ಬೋಟಿನ ಸಂಖ್ಯೆಯ ಫೋಟೋ. ಫೋನಿನಲ್ಲಿ ಒಪ್ಪಿದ್ದನ್ನು ಅದೇ ಹೊತ್ತಿಗೆ ಬರೆದು ಕಳಿಸಿ "ಸರಿ" ಅನ್ನಿಸಿಕೊಳ್ಳಿ.

ಟ್ರಾವೆಲ್ ಡೆಸ್ಕ್ ಮೈಸೂರು

ಹಾಗೆ ಕಳಿಸೋಕೆ ಒಂದು ಒಕ್ಕಣೆ ಇಲ್ಲಿದೆ, ತಾರೀಖು ಸಂಖ್ಯೆ ತುಂಬಿಸಿಕೊಳ್ಳಿ:

"ಬೋಟಿನ ಹೆಸರು ___, ನೋಂದಣಿ ಸಂಖ್ಯೆ ___. ಪ್ರಯಾಣಿಕರು ಕೂಸುಗಳೂ ಸೇರಿ ___. ಸರ್ವೇ ಪತ್ರದ ಮಿತಿ ___, ಚಾಲ್ತಿ ___ರವರೆಗೆ. ಹತ್ತುವ ಸಮಯ ___, ರಾತ್ರಿ ನಿಲುಗಡೆ ___ ಊರಿನಲ್ಲಿ, ಇಳಿಯುವ ಸಮಯ ___. ಎಸಿ ___ರಿಂದ ___ರವರೆಗೆ. ಒಟ್ಟು ದರ ತೆರಿಗೆ ಸೇರಿ ___, ಮುಂಗಡ ___, ಬಾಕಿ ದಕ್ಕೆಯಲ್ಲಿ ಬೋಟ್ ನೋಡಿದ ಮೇಲೆ. ಎಲ್ಲರಿಗೂ ಅಳತೆಯ ಲೈಫ್ ಜಾಕೆಟ್ ಕೊಡಬೇಕು. ಎಂಜಿನ್ ಕೆಟ್ಟರೆ ಎರಡು ಗಂಟೆಯೊಳಗೆ ಬದಲಿ ಬೋಟ್, ಇಲ್ಲವಾದರೆ ಓಡದ ಗಂಟೆಗಳ ಹಣ ವಾಪಸ್. ಆಡಳಿತ ಸಂಚಾರ ನಿಲ್ಲಿಸಿದರೆ ಪೂರ್ತಿ ಹಣ ಅಥವಾ ಬೇರೆ ತಾರೀಖು, ನಮ್ಮ ಆಯ್ಕೆ."

ವೈರ್‌ಮನ್ ಮಂಡ್ಯ

"ರಾತ್ರಿ ಒಬ್ಬರು ಸಿಬ್ಬಂದಿ ಎಚ್ಚರವಾಗಿರಬೇಕು" ಅಂತ ಸೇರಿಸಿ.

ಕಾರವಾರ ಕಡೆಯವರು

ಇದೇ ನಿಯಮ ನಮ್ಮ ಕಡಲ ದೋಣಿಗಳಿಗೂ ಸಾಕಾಗುತ್ತದೆಯೇ? ಸೇಂಟ್ ಮೇರೀಸ್, ನೇತ್ರಾಣಿ ಕಡೆ ಗುಂಪಾಗಿ ಬಾಡಿಗೆಗೆ ಹಿಡಿಯುವವರಿದ್ದಾರೆ.

ದಕ್ಕೆಯವ, ಮಲ್ಪೆ

ಸಾಕಾಗುವುದಿಲ್ಲ. ಹಿನ್ನೀರಿನಲ್ಲಿ ಬೋಟು ಕೆಟ್ಟರೆ ದಡ ಹತ್ತಿರ ಉಂಟು. ಕಡಲಲ್ಲಿ ಎಂಜಿನ್ ನಿಂತರೆ ಅಲೆ ದೋಣಿಯನ್ನು ಅಡ್ಡಕ್ಕೆ ತಿರುಗಿಸುತ್ತದೆ, ಆಮೇಲೆ ಬಂದ ತೆರೆ ಮಗುಚುತ್ತದೆ. ಅಳಿವೆ ಬಾಗಿಲಲ್ಲಿ ಇದು ಇನ್ನೂ ಬೇಗ. ಲಂಗರು ಮತ್ತು ಸಾಕಷ್ಟು ಹಗ್ಗ ದೋಣಿಯಲ್ಲೇ ಇರಬೇಕು, ಎಂಜಿನ್ ನಿಂತ ಕೂಡಲೇ ಬಿಟ್ಟರೆ ಮೂತಿ ಅಲೆಗೆ ಎದುರಾಗಿ ನಿಲ್ಲುತ್ತದೆ. ಹೊರಡುವ ಮುಂಚೆ ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ ನೋಡಿ. ಮೀನುಗಾರರಿಗೆ ಇಳಿಯಬೇಡಿ ಎಂದ ದಿನ ಪ್ರವಾಸಿಗರಿಗೆ ಬೇರೆ ಕಡಲು ಇಲ್ಲ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಆದ್ದರಿಂದ ಬೆಳಿಗ್ಗೆ ಹೋಗಿ ಬೇಗ ಮರಳಿ.

ಮೀನು ಹಿಡಿಯುವ ದೋಣಿಗೆ ಬೆಂಚು ಜೋಡಿಸಿ ಜನ ಹತ್ತಿಸುತ್ತೇವೆ ಎಂದರೆ ಹತ್ತಬೇಡಿ. ಅದರ ಲೈಸೆನ್ಸು ಮೀನಿಗೆ, ಜನರಿಗಲ್ಲ. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಾರವಾರದ ಹತ್ತಿರವೇ ಮಗುಚಿ 16 ಜನ ಹೋದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. ಅದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿದ್ದು, ಮುಳುಗಿದ್ದು ಸೂರ್ಯ ಮುಳುಗಿದ ಮೇಲಿನ ಓಟದಲ್ಲಿ.

ಕಡಲಲ್ಲಿ ತೊಂದರೆಯಾದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಪೊಲೀಸ್ 1093. ಒಳನಾಡಿನಲ್ಲಿ 112. ದೋಣಿ ನಡೆಸುವ ತಾಂಡೇಲರ ಬಳಿ ವಿಎಚ್‌ಎಫ್ ರೇಡಿಯೋ ಇದ್ದರೆ 16ನೇ ಚಾನೆಲ್.

ನೌಕಾ ಎಂಜಿನಿಯರ್, ಕೊಚ್ಚಿ

ಯಾರಾದರೂ ನೀರಿಗೆ ಬಿದ್ದರೆ ಮಾಡಬೇಕಾದದ್ದನ್ನು ಮಕ್ಕಳಿಗೂ ಹೇಳಿಕೊಟ್ಟಿರಿ. ಜೋರಾಗಿ ಕೂಗುವುದು. ಒಬ್ಬರು ಕಣ್ಣು ಕದಲಿಸದೆ ಬಿದ್ದವರ ಕಡೆ ಬೆರಳು ತೋರಿಸುತ್ತಲೇ ನಿಲ್ಲುವುದು, ಅವರಿಗೆ ಬೇರೆ ಕೆಲಸವಿಲ್ಲ. ಹಗ್ಗವಿರುವ ತೇಲುಬಳೆ ಎಸೆಯುವುದು. ಸ್ರಾಂಕ್ ಎಂಜಿನನ್ನು ನ್ಯೂಟ್ರಲ್‌ಗೆ ತಂದು, ಬಿದ್ದ ಕಡೆಗೇ ಚುಕ್ಕಾಣಿ ತಿರುಗಿಸಬೇಕು. ಆಗ ಬೋಟಿನ ಹಿಂಭಾಗ, ಅದರೊಂದಿಗೆ ಪ್ರೊಪೆಲರ್, ಆಚೆ ಸರಿಯುತ್ತದೆ. ಹಿಂದೆಯೇ ಹಾರಿ ಹೋಗಬೇಡಿ, ಇಬ್ಬರನ್ನು ಎತ್ತಬೇಕಾಗುತ್ತದೆ. ಆಳ ಎರಡೇ ಮೀಟರ್ ಇದ್ದರೂ ಕೆಳಗೆ ಕೆಸರು, ಕಾಲೂರಿ ನಿಲ್ಲಲಾಗದು. ಆಟಕ್ಕೆಂದೂ ಇಳಿಯುವುದು ಬೇಡ, ಅಲೆಪ್ಪಿ ಸುತ್ತಲಿನ ಕುಟ್ಟನಾಡಿನಲ್ಲಿ ಇಲಿಜ್ವರದ ಭಯವೂ ಇದೆ.

ಹಾಸನ ಕುಟುಂಬ

ಏಜೆಂಟರನ್ನು ಬಿಟ್ಟು ಇನ್ನೊಬ್ಬ ಮಾಲೀಕರ ಹತ್ತಿರ ಮಾತಾಡಿದೆ. ಎರಡೂ ಬೋಟಿನ ಪತ್ರ ಕಳಿಸಿದ್ದಾರೆ, ಮಿತಿ ಸರಿಯಿದೆ, ಚಾಲ್ತಿಯಲ್ಲೂ ಇವೆ. ವಯಸ್ಸಾದ ಮೂವರಿಗೆ ಹಲಗೆ ದಾಟಿ ಹತ್ತುವುದು ಕಷ್ಟವಾದೀತು ಅನ್ನಿಸುತ್ತದೆ. ಅದಕ್ಕೇನಾದರೂ ದಾರಿಯುಂಟೆ?

ಕೊಚ್ಚಿ ಕನ್ನಡತಿ

ಎರಡು ಕಡೆ ಹಿಡಿಯುವ ಕಂಬಿ ಇರುವ ಹಲಗೆ ಬೇಕು ಅಂತ ಈಗಲೇ ಹೇಳಿಬಿಡಿ, ಇಟ್ಟಿರ್ತಾರೆ. ಬೋಟನ್ನು ಮುಂದೆ ಹಿಂದೆ ಎರಡು ಹಗ್ಗದಲ್ಲಿ ಕಟ್ಟಿದ ಮೇಲೆಯೇ ಹಲಗೆ ಮೇಲೆ ಕಾಲಿಡಿ, ಒಂದೇ ಹಗ್ಗವಾದರೆ ಪಕ್ಕದ ಬೋಟ್ ಹೋದಾಗ ಹಲಗೆ ಸರಿಯುತ್ತೆ. ಹಲಗೆ ಮೇಲೆ ಒಂದು ಸಲಕ್ಕೆ ಒಬ್ಬರೇ, ಮುಂದೆ ಒಬ್ಬರು ಸಿಬ್ಬಂದಿ ಕೈ ಹಿಡಿಯಲಿ. ಮಲಗೋಕೆ ಕೆಳಗಿನ ಕೋಣೆ, ಅದೂ ಬಾಗಿಲಿಗೆ ಹತ್ತಿರದ್ದು. ಗಾಲಿಕುರ್ಚಿ ಇದ್ದರೆ ಕೋಣೆ ಬಾಗಿಲಿನ ಅಗಲ ಅಳೆದು ಹೇಳೋಕೆ ಕೇಳಿ. ಬಚ್ಚಲಿನ ಹೊಸ್ತಿಲು ಎತ್ತರ ಇರುತ್ತೆ, ಅದನ್ನೂ ಅಳೆಸಿ.

ಹಾಸನ ಕುಟುಂಬ

ಈಗಲೇ ಬರೆದು ಕಳಿಸುತ್ತೇನೆ.